ನೌಪಾಡಾದ ಕಳ್ಳ ಬಾನುಲಿ

ಶನಿವಾರ, ಜೂನ್ 14

ನಾನು ಅಪರಾಧಿ. ಮೂರು ವಾರಗಳಿಂದ ಪ್ರತಿ ಸಂಜೆ ಏಳಕ್ಕೆ, ಸರಕಾರದ ಅಪ್ಪಣೆಯಿಲ್ಲದೆ, ಬೆಂಕಿಪೊಟ್ಟಣದಷ್ಟು ದೊಡ್ಡ ಸ್ವಂತ ಎಫ್‌ಎಂ ಟ್ರಾನ್ಸ್‌ಮಿಟರಿನಿಂದ ಮೊಬೈಲಿನಲ್ಲಿದ್ದ ತಾಳಮದ್ದಳೆ ಬಿತ್ತರಿಸುತ್ತಿದ್ದೇನೆ. ಕೇಳುಗರ ಸಂಖ್ಯೆ ಒಂದು: ಮೇಲಿನ ಮನೆಯ ರಮಾಮಣಿಯಮ್ಮ. ಸೊಂಟ ಮುರಿದು ಮಲಗಿರುವ ಅವರಿಗೆ ಮೊಬೈಲು ಒಗ್ಗದು, ಹಳೆಯ ರೇಡಿಯೋ ಸಾಕು. "ನಿನ್ನಿಂದ ನನ್ನ ಸಂಜೆ ಕಳೀತದೆ" ಎಂದು ಅವರು ಹೇಳಿದಂದಿನಿಂದ ವಾಗ್ಳೆ ಎಸ್ಟೇಟಿನ ಆಫೀಸಿನಲ್ಲಿ ನಾನು ನಿಲಯದ ನಿರ್ದೇಶಕನಂತೆ ಓಡಾಡುತ್ತಿದ್ದೆ.

ಇವತ್ತು ಎದುರುಮನೆಯ ಹೃಷೀಕೇಶ ರಾಯರು ಅದಕ್ಕೆ ಕಲ್ಲು ಹಾಕಿದರು. ವೈರ್‌ಲೆಸ್ ಕೆಲಸದಲ್ಲೇ ನಿವೃತ್ತರಾದವರು.

"ರಿಮೋಟು, ಕಾಲಿಂಗ್ ಬೆಲ್ಲಿಗೆಲ್ಲ ಲೈಸೆನ್ಸ್ ಬೇಡದ ಬ್ಯಾಂಡ್ ಬೇರೆ ಉಂಟು ಮಾರಾಯ. ಎಫ್‌ಎಂ ಅದಲ್ಲ. ಪವರ್ ಕಮ್ಮಿ ಅಂತ ಬಿಡುವುದಿಲ್ಲ. ಬಂದ್ ಕರೋ!"

ಕಾನೂನಿಗಿಂತ ರಮಾಮಣಿಯಮ್ಮನ ಮುಖ ಹೆಚ್ಚು ಕಾಡಿತು. ಮೇಲೆ ಹೋಗಿ, ತಲೆ ತಗ್ಗಿಸಿ, ನಾಳೆಯಿಂದ ಪ್ರಸಾರವಿಲ್ಲ ಎಂದೆ.

"ರೇಡಿಯೋದ್ದಾ? ಅದರಲ್ಲಿ ಮೊದಲ ದಿನದಿಂದ ಬರೀ ಗರಗರ, ಮಗಾ. ನಿನಗೆ ಬೇಸರ ಆದೀತು ಅಂತ ಹೇಳಲಿಲ್ಲ. ಕೆಳಗೆ ನಿನ್ನ ರೇಡಿಯೋ ಜೋರು ಇಡ್ತೀಯಲ್ಲ, ಕಿಟಕಿಯಿಂದ ಚಂದ ಕೇಳ್ತದೆ. ಅದನ್ನು ಮಾತ್ರ ನಿಲ್ಲಿಸಬೇಡ."

ಆ ರೇಡಿಯೋ, ಪ್ರಸಾರ ಸರಿಯಿದೆಯೇ ಎಂದು ಪರೀಕ್ಷಿಸಲು ನಾನು ಟ್ರಾನ್ಸ್‌ಮಿಟರಿನಿಂದ ಒಂದು ಗೇಣು ದೂರದಲ್ಲಿ ಇಟ್ಟುಕೊಂಡದ್ದು. ನನ್ನ ತರಂಗವೆಲ್ಲ ಆ ಗೇಣಿನೊಳಗೇ ಅಂತರಂಗವಾಗಿತ್ತು.

ನಾಳೆಯಿಂದ ಮೊಬೈಲನ್ನೇ ಸ್ಪೀಕರಿಗೆ ಸಿಕ್ಕಿಸಿ ಕಿಟಕಿಯಲ್ಲಿಡುತ್ತೇನೆ. ಅದಕ್ಕೆ ಲೈಸೆನ್ಸ್ ಬೇಡ. ರಾಯರಿಗೆ "ಬಂದ್ ಮಾಡಿದೆ" ಎಂದು ಗಂಭೀರವಾಗಿ ಹೇಳಿ ಬಂದೆ. ನನ್ನ ಪ್ರಸಾರ ಒಂದು ಮಾಳಿಗೆಯನ್ನೂ ಏರಿರಲಿಲ್ಲ ಎಂದು ಹೇಳಲು ಮಾತ್ರ ಈ ಅಪರಾಧಿಗೆ ಬಾಯಿ ಬರಲಿಲ್ಲ.