ಒಳಗೆ ಉಳಿಸಿದ ಬಟ್ಟೆ

ಅಕ್ಕಾ,

ನೀನು ಕಳಿಸಿದ ಚೀಲ ತಲುಪಿತು. ಇಲ್ಲಿಂದ ನೀನು ಒಯ್ದಿದ್ದ ಅಮ್ಮನ ಮೂರು ಗೌನು, ಆ ಕಂದು ಕೋಟು, ಎಲ್ಲ ಇವೆ. ಫೋನಿನಲ್ಲಿ ನೀನು ಹೇಳಿದ್ದೂ ಕಿವಿಯಲ್ಲಿದೆ. "ಅಮ್ಮನ ನೆನಪಿಗೆ ನಾನೇ ಹಾಕ್ಕೋತೀನಿ ಕಣೇ. ಆದ್ರೆ ನಂಗೆ ಬಿಗಿ. ಪಕ್ಕದ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಡು. ಬಟ್ಟೆ ಒಳಗೇ ಇದೆ, ನೋಡ್ದೆ. ಸದ್ಯ, ನೀನು ಕತ್ತರಿಸಿಲ್ಲ." ಅಮ್ಮನ ಅಂತ್ಯಕ್ರಿಯೆ ಮುಗಿದ ಮೇಲೆ ನೀನು ನನ್ನೊಡನೆ ಆಡಿದ ಮೊದಲ ಮಾತು ಇದು. ಹೇಗಿದ್ದೀಯ ಎಂದೂ ಕೇಳಲಿಲ್ಲ.

ಆ ಬಟ್ಟೆ ಯಾರ ಮಾತಿಗೆ ಒಳಗೆ ಹೋಯಿತು ಎಂದು ಗೊತ್ತಿರುವುದು ನಮ್ಮಿಬ್ಬರಿಗೇ. ಅಮ್ಮನ ಕಾಯಿಲೆ ಯಾವುದೆಂದು ಡಾಕ್ಟರು ಹೇಳಿದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಮೊಣಕೈ ಹಿಡಿದು ನಿಲ್ಲಿಸಿದವಳು ನೀನು. "ಅಮ್ಮಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಆ ಹೆದರಿಕೆಗೇ ಹೋಗ್ಬಿಡ್ತಾಳೆ. ಅಮ್ಮನ ತಮ್ಮ ಅಂತ ಮಾವಂಗೂ ಹೇಳ್ಬೇಡ, ಅವ್ರ ಬಾಯಲ್ಲಿ ಮಾತು ನಿಲ್ಲಲ್ಲ. ಸಣ್ಣ ಆಗೋದು ಬಟ್ಟೇಲಿ ತಾನೇ ಗೊತ್ತಾಗೋದು? ನೀನು ಪಕ್ಕದಲ್ಲಿ ಬಟ್ಟೆ ಒಳಕ್ಕೆ ಮಡಚಿ ಹಿಡಿಸ್ತಾ ಹೋಗು. ಹೊಲಿಯೋದು ಬಿಟ್ರೆ ನಿಂಗೆ ಇನ್ನೇನು ಬರತ್ತೆ?"

ತೂಕದ ಯಂತ್ರವನ್ನು ಅಮ್ಮ ಎಂದೂ ನಂಬಿದವಳಲ್ಲ. ಬೆಳಿಗ್ಗೆ ಗೌನು ಹಾಕಿಕೊಂಡು ಸೊಂಟದ ಹತ್ತಿರ ಬಟ್ಟೆಯನ್ನು ಚಿವುಟಿ ಹಿಡಿದು ನೋಡುವುದೇ ಅವಳ ತಪಾಸಣೆ. ನೀನು ಅಂದೇ ಬಸ್ಸು ಹತ್ತಿದೆ. ಅವಳು ಸ್ನಾನಕ್ಕೆ ಹೋದಾಗ, ಮಧ್ಯಾಹ್ನ ನಿದ್ದೆ ಹೋದಾಗ ನಾನು ಹೊಲಿದೆ. ಹೊಸ ದಾರ ಎದ್ದು ಕಾಣಬಾರದೆಂದು ಚಹಾದ ನೀರಿನಲ್ಲಿ ನೆನೆಸಿ ಒಣಗಿಸಿದೆ. ಕೋಟಿನ ಗುಂಡಿಗಳನ್ನು ಅಷ್ಟಷ್ಟೇ ಒಳಕ್ಕೆ ಸರಿಸಿದೆ. "ನೋಡೇ, ಅಳತೆ ಹಾಗೇ ಇದೆ. ಡಾಕ್ಟರು ಸುಮ್ನೆ ಹೆದರಿಸ್ತಾರೆ" ಎಂದು ಅಮ್ಮ ಗೆದ್ದವಳಂತೆ ನಕ್ಕಾಗ ನಾನು ಇಸ್ತ್ರಿ ಮಾಡುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದೆ.

ಹಿಡಿಸಿದಷ್ಟೂ ಒಳಗಿನ ಮಡಿಕೆ ದಪ್ಪವಾಗುತ್ತ ಹೋಯಿತು. ಕತ್ತರಿಸಿ ಎಸೆದಿದ್ದರೆ ಹೊಲಿಗೆ ಚೆನ್ನಾಗಿ ಕೂರುತ್ತಿತ್ತು. ಕೈ ಬರಲಿಲ್ಲ. ಔಷಧಿ ಹಿಡಿಸಿ ಅವಳು ಮತ್ತೆ ಮೈ ತುಂಬಿಕೊಂಡರೆ ಆಗ ಬಿಚ್ಚಲು ಬಟ್ಟೆ ಬೇಕಲ್ಲ? ಕೊನೆಕೊನೆಗೆ ಆ ಮಡಿಕೆ ಅವಳ ಪಕ್ಕೆಲುಬಿಗೆ ಒತ್ತತೊಡಗಿತು. "ಒಳಗೇನೋ ಒತ್ತತ್ತೆ ಕಣೇ" ಎಂದಳು. ಹಳೆಯ ದಿಂಬಿನ ಚೀಲ ಹರಿದು, ಮೆತ್ತನೆಯ ಪಟ್ಟಿ ಮಾಡಿ ಅದರ ಮೇಲೆ ಹೊಲಿದೆ. ಆಗಲೂ ಕತ್ತರಿ ಮುಟ್ಟಲಿಲ್ಲ.

ಅಷ್ಟೆಲ್ಲ ಆದ ಮೇಲೆ, ಅಮ್ಮನನ್ನು ಇನ್ನೂ ಹಜಾರದಲ್ಲಿ ಮಲಗಿಸಿದ್ದಾಗ, ಮಾವ ಕೇಳಿದರು. "ನಂಗ್ಯಾಕ್ರೇ ಹೇಳ್ಲಿಲ್ಲ? ಅಕ್ಕನ ಜೊತೆ ಕೂತು ಒಂದ್ ಮಾತಾದ್ರೂ ಆಡ್ತಿದ್ದೆ." ನೀನು ಕಣ್ಣೊರೆಸಿಕೊಂಡು ಹೇಳಿದೆ. "ನಂಗೇನು ಗೊತ್ತು ಮಾವ? ಹತ್ರ ಇದ್ದೋಳು ಇವಳು. ಬಟ್ಟೆ ಹಿಡಿಸಿ ಹಿಡಿಸಿ ಎಲ್ಲರ ಕಣ್ಣಿಗೂ ಮಣ್ಣೆರಚಿದ್ಲು." ಹೆಣದ ಮುಂದೆ ಜಗಳ ಬೇಡವೆಂದು ಸುಮ್ಮನಾದೆ, ಆ ಮೌನವನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು. ಈಗ ಮಾವ ಬೀದಿಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಾರೆ. ಅಮ್ಮನ ಮೂಗು, ಅಮ್ಮನ ನಡಿಗೆ ಇನ್ನು ಉಳಿದಿರುವುದು ಅವರೊಬ್ಬರಲ್ಲೇ. ಅದೂ ನನಗೆ ಬೆನ್ನು ತಿರುಗಿಸಿದೆ.

ಮೆಟ್ಟಿಲ ಮೇಲೆ ಆಡಿದ ಮಾತನ್ನು ಮಾವನ ಮನೆಗೆ ಹೋಗಿ ನಿನ್ನ ಬಾಯಿಂದಲೇ ಹೇಳು ಎಂದು ಕೇಳೋಣವೆಂದು ಈ ಕಾಗದ ಶುರು ಮಾಡಿದೆ. ಬರೆಯುತ್ತ ಬರೆಯುತ್ತ ಗೊತ್ತಾಯಿತು, ನೀನು ಹೇಳುವವಳಲ್ಲ. ಹೇಳುವ ಮನಸ್ಸಿದ್ದರೆ ಈ ಗೌನುಗಳನ್ನು ನನ್ನ ಹತ್ತಿರ ಕಳಿಸಲು ನಿನಗೆ ನಾಚಿಕೆಯಾಗುತ್ತಿತ್ತು. ಇವನ್ನು ನಾನು ಬಿಚ್ಚುವುದಿಲ್ಲ. ಒಳಗಿರುವ ಬಟ್ಟೆ ಅಮ್ಮ ಗುಣವಾಗಿ ಬರಲಿ ಎಂದು ಇಟ್ಟದ್ದು. ಅದರಲ್ಲಿ ನಿನ್ನ ಪಾಲಿಲ್ಲ. ಚೀಲ ಇಲ್ಲೇ ಇರುತ್ತದೆ.

ಆರೋಗ್ಯ ನೋಡಿಕೋ. ನಿನ್ನ ಬಟ್ಟೆ ಯಾವತ್ತೂ ನಿನಗೆ ಸಡಿಲವಾಗದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಒಂದು ವೇಳೆ ಆದರೆ, ಹಿಡಿಸಿಕೊಡು ಎಂದು ನನ್ನನ್ನು ಮಾತ್ರ ಕೇಳಬೇಡ.

ನಿನ್ನ ತಂಗಿ