ಪ್ರಕೃತಿಯ ಬಾಯಿಪಾಠ

ಅಕ್ಕ,

ಪ್ರಕೃತಿಗೆ ಶೂ ಹಾಕಿಸುತ್ತಲೇ ಬರೀತಿದ್ದೀನಿ. ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೀಯ ಅಂತ ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೀನಿ.

ಅಕ್ಷರ ಓದೋಕೆ ತೊಡಕಾಗೋ ಡಿಸ್ಲೆಕ್ಸಿಯಾ ಇದೆಯಾ ಅಂತ ನೋಡೋಕೆ ಶಾಲೆಯಲ್ಲಿ ಓದಿಸಿದಾಗ ಇವಳು ಪಾಠ ಗಡಗಡ ಒಪ್ಪಿಸಿಬಿಟ್ಟಳು. ನೀನು ಬಾಯಿಪಾಠ ಮಾಡಿಸಿದ್ದು ಅವರಿಗೇನು ಗೊತ್ತು? "ತೊಂದರೆ ಏನಿಲ್ಲ, ಬರೀ ಸೋಮಾರಿ" ಅಂದರು. ಅವಳಿಗೆ ಅವಮಾನ ಆಗಬಾರದು ಅಂತ ನೀನು ಹಾಗೆ ಮಾಡಿದೆ, ಸರಿ. ಆದರೆ ತೊಂದರೆ ಕಾಣದಿದ್ದರೆ ಇಂಥ ಮಕ್ಕಳಿಗೆ ಓದು ಕಲಿಸುವ ಟೀಚರ್ ಸಿಗಲ್ಲ. ಇನ್ನು ಮಾಡಿಸಬೇಡ.

ನಾನು ಬೇಡಿಕೊಂಡ ಮೇಲೆ ಇವತ್ತು ಮತ್ತೆ ಓದಿಸಿ ನೋಡ್ತಾರೆ, ಇವಳು ಹಿಂದೆ ನೋಡಿರದ ಪುಟ ಕೊಟ್ಟು. ಭಾವನಿಗೆ ಇದನ್ನ ನೀನೇ ಹೇಳು.

ಬರುವಾಗ ಜಯನಗರದಲ್ಲಿ ಮಸಾಲೆ ದೋಸೆ ಕೊಡಿಸ್ತೀನಿ ಅಂದೆ. ಹಾಕಿದ ಶೂ ಕಿತ್ತೆಸೆದಳು.

"ದೋಸೆ ಬೇಡ ಚಿಕ್ಕಮ್ಮ. ಅಮ್ಮ ಹೇಳಿಕೊಡದ ಪುಟ ನಾನು ಓದಲ್ಲ."