ಆರು ಕಿಲೋ, ಒಬ್ಬನಿಗೆ

ಡಿಸೆಂಬರ್ 6, ಮಧ್ಯಾಹ್ನ

ಮಾರ್ಕೆಟ್ ಹಿಂದಿನ ಬಿಲ್ಡಿಂಗ್. ಎರಡನೇ ಲಿಫ್ಟಿನ ಬಾಗಿಲು ಮುಚ್ಚುತ್ತಿಲ್ಲ ಅಂತ ಕಂಪ್ಲೇಂಟ್. ಸೆನ್ಸರ್ ಮೇಲೆ ಯಾರೋ ಪುಣ್ಯಾತ್ಮ ಚೂಯಿಂಗ್ ಗಮ್ ಅಂಟಿಸಿದ್ದ. ಕೆರೆದೆ. ಮುಚ್ಚಿತು. ವಾಚ್‌ಮನ್ ನನ್ನನ್ನು ದೊಡ್ಡ ಡಾಕ್ಟರನ್ನು ನೋಡುವ ಹಾಗೆ ನೋಡಿದ.

ಆಮೇಲೆ ತಾರಸಿಯ ಮೋಟಾರ್ ರೂಮಿಗೆ ಹತ್ತಿ ಅತ್ತೆಗೆ ಫೋನ್ ಮಾಡಿದೆ. ಮನೆಯಿಂದ ಮಾಡುವ ಹಾಗಿಲ್ಲ. ಇವಳಿರುತ್ತಾಳೆ.

“ಏನು ಮೆಕ್ಯಾನಿಕ್ಕು, ಬದುಕಿದ್ದೀಯಾ?”

“ಇದ್ದೀನಿ ಅತ್ತೆ. ಹ್ಯಾಮ್ ಮಾಡೋದು ಹೇಳಿಕೊಡ್ತೀರಾ? ಅವಳು ರಜೆಗೆ ಮಾಡ್ತಿದ್ದಳಲ್ಲ, ಓವನ್ನಲ್ಲಿ... ಮೇಲೆ ಸಿಹಿಯಾಗಿ ಹೊಳೀತಿರುತ್ತಲ್ಲ, ಅದು.”

ಲೈನ್ ಕಟ್ಟಾಯಿತು ಅಂದುಕೊಂಡೆ. ಆಮೇಲೆ ಮೂಗು ಸೀಟಿದ ಸದ್ದು.

“ನೀನು ಮಾಡ್ತೀಯಾ? ಹಾಲು ಕಾಯಿಸೋಕೆ ಇಟ್ರೆ ಒಲೆ ತುಂಬ ಉಕ್ಕಿಸೋ ನೀನು?”

ಖುಷಿಯಾಗಿತ್ತು ಅವರಿಗೆ. ಮಗಳ ನೆನಪಿಗೆ ಮಾಡುತ್ತಾನೆ ಅಂದುಕೊಂಡರು. ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ.

ನಿಜ ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರಿದ್ದಾರೆ. ಅವಳು, ನನ್ನ ಮೊದಲ ಹೆಂಡತಿ, ತೀರಿಹೋಗಿ ಮೂರು ವರ್ಷ. ಇವಳನ್ನು ಕಟ್ಟಿಕೊಂಡು ನಾಲ್ಕು ತಿಂಗಳು. ರಿಜಿಸ್ಟರ್ ಆಫೀಸಿನಲ್ಲಿ ಸಹಿ, ಹೊರಗೆ ಕಾಫಿ, ಮುಗಿಯಿತು. ಅತ್ತೆಗೆ ಹೇಳಿಲ್ಲ. ಇವಳಿಗೆ, ಆ ಕಡೆಯವರ ಜೊತೆ ಈಗ ಮಾತುಕತೆ ಇಲ್ಲ ಅಂದಿದ್ದೇನೆ. ರಜೆಯಲ್ಲಿ ಇವಳ ಅಪ್ಪ ಅಮ್ಮ ಮೊದಲ ಸಲ ಊಟಕ್ಕೆ ಬರುತ್ತಾರೆ. ಏನು ಮಾಡೋಣ ಅಂತ ಕೇಳಿದಳು. “ಹ್ಯಾಮ್. ಪ್ರತಿ ವರ್ಷ ನಾನೇ ಮಾಡ್ತೀನಿ” ಅಂದೆ. ಯಾಕೆ ಅಂದೆನೋ! ಪ್ರತಿ ವರ್ಷ ನಾನು ಮಾಡಿದ್ದು ತಿನ್ನುವ ಕೆಲಸ ಮಾತ್ರ.

ಅತ್ತೆ ಇವತ್ತು ಹೇಳಿದ್ದು ಇಷ್ಟೇ — ಮೂಳೆ ಇರುವ ಹಂದಿ ತೊಡೆಯನ್ನೇ ಕೇಳು, ಉಪ್ಪಲ್ಲಿ ಹಾಕಿಟ್ಟಿರುತ್ತಾರೆ, ಒಂದಿಡೀ ದಿನ ನೀರಲ್ಲಿ ನೆನೆಸು, ಇಲ್ಲದಿದ್ದರೆ ಬಾಯಿಗಿಡಲು ಆಗುವುದಿಲ್ಲ. ಮಿಕ್ಕಿದ್ದು?

“ಇನ್ನೊಂದು ದಿನ ಫೋನ್ ಮಾಡು. ಒಂದೇ ಸಲ ಹೇಳಿದ್ರೆ ನಿನ್ನ ತಲೇಲಿ ಎಲ್ಲಿ ನಿಲ್ಲುತ್ತೆ?”

ಡಿಸೆಂಬರ್ 9

ಮತ್ತೆ ಮೋಟಾರ್ ರೂಮ್. ಬೇರೆ ಬಿಲ್ಡಿಂಗ್, ಅದೇ ಗ್ರೀಸ್ ವಾಸನೆ.

ಇವತ್ತಿನ ಪಾಠ: ಟ್ರೇಯಲ್ಲಿ ಸ್ವಲ್ಪ ನೀರು, ಮೇಲೆ ಫಾಯಿಲ್ ಬಿಗಿಯಾಗಿ, ಸಣ್ಣ ಉರಿ, ಗಡಿಬಿಡಿ ಮಾಡಬಾರದು. ಗಡಿಬಿಡಿ ಮಾಡಬಾರದು ಅಂತ ನನ್ನ ಕೈಲಿ ಎರಡು ಸಲ ಹೇಳಿಸಿದರು.

“ಎಷ್ಟಕ್ಕೆ ಹೇಳಿದ್ದೀಯ?”

“ಆರು ಕಿಲೋ.”

“ಆರು ಕಿಲೋನಾ! ಒಬ್ಬನಿಗೆ?”

ಬಾಯಿಗೆ ಬಂದಿತ್ತು. ಇಲ್ಲ ಅತ್ತೆ, ನಾಲ್ಕು ಜನ ಇದ್ದೀವಿ — ಇಷ್ಟೇ ಹೇಳಬೇಕಿದ್ದದ್ದು.

“ಡಿಪಾರ್ಟ್‌ಮೆಂಟಿನವರಿಗೂ ಸ್ವಲ್ಪ...” ಅಂದೆ.

“ಹ್ಞೂಂ” ಅಂದರು. ಉದ್ದದ ಹ್ಞೂಂ. ಅಷ್ಟರಲ್ಲಿ ಕೆಳಗೆ ಯಾರೋ ಬಟನ್ ಒತ್ತಿದರು, ಮೋಟಾರ್ ಗುಂಯ್ ಅಂತ ಶುರುವಾಯಿತು. ಏನೂ ಕೇಳಿಸ್ತಿಲ್ಲ ಅತ್ತೆ, ಅಂತ ಕಿರುಚಿ ಇಟ್ಟೆ. ಎಲ್ಲ ಕೇಳಿಸುತ್ತಿತ್ತು.

ಫೋನಿನಲ್ಲಿ ಅವರ ನಂಬರ್ ‘ಸ್ಟೋರ್’ ಅಂತ ಇದೆ. ಮದುವೆಯಾದ ವಾರ ನಾನೇ ಬದಲಾಯಿಸಿದ್ದು. ಮಗಳನ್ನು ಕೊಟ್ಟವರು, ಈಗ ಕಂಪನಿ ಸ್ಟೋರಿನಲ್ಲಿ ಬೇರಿಂಗ್ ಕೊಡುವವನ ಹೆಸರಿನಲ್ಲಿ ಕೂತಿದ್ದಾರೆ. ಥೂ, ನನ್ನ ಜನ್ಮಕ್ಕಿಷ್ಟು.

ಡಿಸೆಂಬರ್ 13

ಟ್ರಯಲ್. ಸಣ್ಣ ತುಂಡು ತಂದೆ. ನೆನೆಸಿದ್ದು ಸರಿ, ಬೆಂದಿದ್ದು ಸರಿ. ಜೇನು, ಬ್ರೌನ್ ಶುಗರ್, ಕಿತ್ತಳೆ ರಸ ಕುದಿಸಿ ಪಾಕ ಮಾಡಿ ಬ್ರಷ್‌ನಿಂದ ಬಳಿದೆ. ಸರ್ರಂತ ಜಾರಿತು. ಮತ್ತೆ ಬಳಿದೆ, ಮತ್ತೆ ಜಾರಿತು. ಮಾಂಸ ಬೆತ್ತಲೆ, ಟ್ರೇ ತುಂಬ ಪಾಕ. ಆಮೇಲೆ ಹೊಗೆ. ಇವಳು ಟವೆಲ್ ಬೀಸುತ್ತಾ ನಗುತ್ತಿದ್ದಳು.

“ಪ್ರತಿ ವರ್ಷ ಮಾಡ್ತೀನಿ ಅಂದ್ಯಲ್ಲೋ?”

“ಓವನ್ ಹಳೇದಾಗಿದೆ.”

“ಪಾಪ ಓವನ್ನು. ರೆಸಿಪಿ ಯಾರದು?”

“ಸ್ಟೋರ್ ಕೀಪರ್ ಹೆಂಡತಿದು.”

ಸ್ಟೋರ್ ಕೀಪರನಿಗೆ ಮದುವೆಯೇ ಆಗಿಲ್ಲ. ಒಂದು ಸುಳ್ಳಿಗೆ ಸಂಸಾರವನ್ನೇ ಕಟ್ಟಿಕೊಟ್ಟೆ.

ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ನಿಂತು ಬಂದವಳು. ಕರಕಲು ಟ್ರೇಯನ್ನು ಸಿಂಕಿನಲ್ಲಿಟ್ಟುಕೊಂಡು ಉಜ್ಜಿದಳು. ಬಿಡು ನಾನು ಉಜ್ಜುತ್ತೇನೆ ಅಂದರೆ ಕೇಳಲಿಲ್ಲ. ಏನೋ ಗುನುಗುತ್ತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕಸ ಹಾಕುವ ನೆವದಲ್ಲಿ ಕೆಳಗಿಳಿದೆ.

ಡಿಸೆಂಬರ್ 14

ಅತ್ತೆಗೆ ಹೇಳಿದೆ, ಪಾಕ ನಿಲ್ಲುವುದಿಲ್ಲ ಅಂತ.

“ಜಾರುತ್ತೆ. ಎಲ್ಲರಿಗೂ ಜಾರುತ್ತೆ. ಅದಕ್ಕೊಂದು ಉಪಾಯ ಇದೆ.”

“ಏನದು?”

“ಕೊನೇಗೆ ಹೇಳ್ತೀನಿ. ಈಗ ಕೇಳು. ಬೆಂದ ಮೇಲೆ ಚರ್ಮ ಮಾತ್ರ ಸುಲಿ, ಬೆಳ್ಳಗಿನ ಕೊಬ್ಬು ಬಿಡು. ಚಾಕೂಲಿ ಚೌಕ ಚೌಕ ಗೀರು. ಒಂದೊಂದು ಚೌಕಕ್ಕೂ ಒಂದು ಲವಂಗ. ಅವಳು ಮಾಡೋವಾಗ ನೀನು ಪಕ್ಕದಲ್ಲಿ ನಿಂತು ಲವಂಗ ಎಣಿಸಿ ಕೊಡ್ತಿದ್ದೆಯಂತೆ?”

ಹೌದು, ಕೊಡುತ್ತಿದ್ದೆ. ಮರೆತೇ ಹೋಗಿತ್ತು.

ಆಮೇಲೆ ಬಾಂಬ್ ಹಾಕಿದರು. ಅವರ ಇಸ್ಪೀಟ್ ಗ್ಯಾಂಗ್ ರಜೆಯಲ್ಲಿ ಸಮುದ್ರದ ಕಡೆ ಹೊರಟಿದೆ, ಬೇಸಿಗೆಯಿಂದ ಅದೇ ಜಪ ಮಾಡುತ್ತಿದ್ದರು, ಹೊಸ ಸ್ವೆಟರ್ ಬೇರೆ. ಈಗ ಅತ್ತೆಯೇ ತಾನು ಬರುವುದಿಲ್ಲ ಅಂದುಬಿಟ್ಟಿದ್ದಾರಂತೆ.

“ಯಾಕೆ ಅತ್ತೆ?”

“ಯಾಕೆ ಅಂತೆ. ನೀನಿಲ್ಲಿ ಒಬ್ಬನೇ ಆರು ಕಿಲೋ ಮುಂದೆ ಕೂತಿರ್ತೀಯ, ನಾನಲ್ಲಿ ರಮ್ಮಿ ಆಡ್ಲಾ? ಇಪ್ಪತ್ತೆಂಟಕ್ಕೆ ನಾನೇ ಬರ್ತೀನಿ ನಿನ್ನ ಮನೆಗೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

“ಡ್ಯೂಟಿ ಇದೆ ಅತ್ತೆ. ಎಮರ್ಜೆನ್ಸಿ ಡ್ಯೂಟಿ. ಇಡೀ ದಿನ.”

“ಮತ್ತೆ ಹ್ಯಾಮ್?”

“ಹಿಂದಿನ ದಿನ ಮಾಡಿಡ್ತೀನಿ.”

“ಓಹೋ.”

“ನೀವು ಟ್ರಿಪ್ಪಿಗೆ ಹೋಗಿ ಅತ್ತೆ, ಪ್ಲೀಸ್.”

“ಸೀಟು ಬೇರೆಯವರಿಗೆ ಹೋಯ್ತಪ್ಪ. ಇರ್ಲಿ ಬಿಡು. ನಿನಗೆ ಬೇರೆ ಏನಾದ್ರೂ ಹೇಳೋದಿದೆಯಾ?”

“ಇಲ್ಲ ಅತ್ತೆ.”

ಇಲ್ಲ ಅತ್ತೆ! ಬಾಗಿಲು ತೆಗೆದು ಹಿಡಿದುಕೊಂಡು ನಿಂತಿದ್ದರು, ಒಳಗೆ ಬರುವುದೊಂದೇ ಬಾಕಿ. ನಾನು ತಿರುಗಿ ಓಡಿದೆ.

ಡಿಸೆಂಬರ್ 21

ಒಂದು ವಾರ ಬರೆದಿಲ್ಲ. ಫೋನೂ ಮಾಡಿಲ್ಲ. ಬರೆದರೆ ಹೇಳಬೇಕಾಗುತ್ತದೆ, ಫೋನ್ ಮಾಡಿದರೆ ಹೇಳಬೇಕಾಗುತ್ತದೆ.

ನಿನ್ನೆ ಇವಳು ಬಲ್ಬಿನ ಹೋಲ್ಡರ್ ಬಿಗಿಸಲು ಸ್ಕ್ರೂಡ್ರೈವರ್ ಹುಡುಕುತ್ತಾ ನನ್ನ ಡ್ರಾಯರ್ ತೆಗೆದಳು. ಕೆಳಗೆ ಅವಳ ಫೋಟೋ ಇತ್ತು. ಇವಳು ಸೆರಗಿನಲ್ಲಿ ಫೋಟೋದ ಗ್ಲಾಸ್ ಒರೆಸಿದಳು.

“ಇದನ್ನ ಇಕ್ಕಳದ ಜೊತೆ ಇಡ್ತಾರಾ? ಗೋಡೆಗೆ ಹಾಕು.”

ಅಷ್ಟೇ ಅಂದದ್ದು. ಮೊಳೆಯನ್ನೂ ಇವಳೇ ಹುಡುಕಿ ಕೊಟ್ಟಳು. ಇಂಥವಳಿಗೆ ನಿಜ ಹೇಳಲು ನನಗೇನು ದಾಡಿ? ಆಗಲೇ ಹೇಳಬಹುದಿತ್ತು. ಮೊಳೆ ಹೊಡೆದೆ, ಬೆರಳು ಜಜ್ಜಿಕೊಂಡೆ.

ಡಿಸೆಂಬರ್ 27

ಮಾಂಸದಂಗಡಿಯವನು ತೊಡೆಯನ್ನು ಮಗುವನ್ನು ಕೊಟ್ಟ ಹಾಗೆ ಎರಡೂ ಕೈಗೆ ಕೊಟ್ಟ. ದೊಡ್ಡ ಪಾತ್ರೆ ಸಾಲಲಿಲ್ಲ, ಬಟ್ಟೆ ನೆನೆಸುವ ಬಕೆಟ್ಟನ್ನು ತಿಕ್ಕಿ ತೊಳೆದು ಅದರಲ್ಲೇ ನೆನೆಹಾಕಿದ್ದಾಯಿತು. ನೀರು ಬದಲಾಯಿಸುತ್ತಿದ್ದೇನೆ. ನಾಳೆ ಊಟ.

ಪಾಕ ಜಾರದ ಉಪಾಯ ಇನ್ನೂ ಗೊತ್ತಿಲ್ಲ. ಕೇಳಲು ಮುಖವಿಲ್ಲ. ಜಾರಿದರೆ ಜಾರಲಿ, ನನಗೆ ಹಾಗೇ ಆಗಬೇಕು.

ಡಿಸೆಂಬರ್ 28, ಬೆಳಿಗ್ಗೆ

ಓವನ್ ಹಚ್ಚಿದ್ದೇನೆ. ಫಾಯಿಲ್ ಬಿಗಿಯಾಗಿದೆ. ಗಡಿಬಿಡಿ ಇಲ್ಲ. ಇವಳು ಪರದೆ ಬದಲಾಯಿಸುತ್ತಿದ್ದಾಳೆ. ಟ್ರೇಯ ನೀರಿಗೂ ನಾಲ್ಕು ಲವಂಗ ಹಾಕಿದ್ದೇನೆ, ಮನೆ ತುಂಬ ಅದರದೇ ವಾಸನೆ. ಮೂರು ವರ್ಷದಿಂದ ಈ ವಾಸನೆ ಇರಲಿಲ್ಲ. ಗೋಡೆಯ ಕಡೆ ನೋಡುತ್ತಿಲ್ಲ ನಾನು.

ಅದೇ ದಿನ, ಸಂಜೆ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚರ್ಮ ಸುಲಿದೆ. ಗೀರಿದೆ. ಕೈಯೆಲ್ಲ ಜಿಡ್ಡು. ಪಾಕದ ಪಾತ್ರೆಗೆ ಬ್ರಷ್ ಅದ್ದುವ ಹೊತ್ತಿಗೆ ಫೋನ್ ಬಡಿದುಕೊಂಡಿತು.

“ನಿನ್ನ ಸ್ಟೋರಿನವನಿಗೆ ರಜೆ ಇಲ್ವಾ?” ಅಂತ ಇವಳು ಎತ್ತಿಕೊಂಡಳು. ಅತ್ತೆ ಎಂದೂ ತಾವಾಗಿ ಫೋನ್ ಮಾಡುವವರಲ್ಲ. ಲಿಫ್ಟ್ ಶಾಫ್ಟಿನಲ್ಲಿ ನೇತಾಡುತ್ತಿರುತ್ತಾನೆ, ಫೋನಿಗೆ ಕೈ ಹಾಕಿ ಬಿದ್ದುಗಿದ್ದಾನು ಅಂತ ಹೆದರಿಕೆ ಅವರಿಗೆ.

“ಹಲೋ... ಇಲ್ಲ, ಅವರ ಕೈ ಪಾಕದಲ್ಲಿದೆ... ನೀವು ಯಾರು? ... ಅತ್ತೆನಾ?”

ನಿಂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

“ನಾನು... ನಾನು ಹೆಂಡತಿ” ಅಂದಳು ಇವಳು. ಮೆಲ್ಲಗೆ, ತಪ್ಪು ಮಾಡಿದವಳ ಹಾಗೆ. ತಪ್ಪು ಮಾಡಿದವನು ಬ್ರಷ್ ಹಿಡಿದು ನಿಂತಿದ್ದೆ. “ಆಗಸ್ಟಲ್ಲಿ... ಹೌದು... ಹ್ಞೂಂ... ಹ್ಞೂಂ, ಹೇಳ್ತೀನಿ... ಆಯ್ತಮ್ಮ.”

ಫೋನ್ ಇಟ್ಟಳು. ಅಲಮಾರಿಯಿಂದ ಒಣ ಬಟ್ಟೆ ತಂದು ನನ್ನೆದುರು ಹಾಕಿದಳು.

“ಚರ್ಮ ಸುಲಿದ ಮೇಲೆ ಕೊಬ್ಬನ್ನ ಬಟ್ಟೇಲಿ ಒತ್ತಿ ಒರೆಸಬೇಕಂತೆ. ಸ್ವಲ್ಪ ಹೊತ್ತು ಆರೋಕೆ ಬಿಡಬೇಕಂತೆ. ಆಮೇಲೆ ತೆಳ್ಳಗೆ ಬಳೀಬೇಕು, ಒಂದರ ಮೇಲೊಂದು. ಹೇಳದೇ ಇದ್ರೆ ನೀನು ಹಾಳು ಮಾಡ್ತೀಯ ಅಂತ ಮನಸ್ಸು ತಡೀಲಿಲ್ವಂತೆ, ಅದಕ್ಕೇ ಮಾಡಿದ್ರು.”

“ಇನ್ನೇನಂದ್ರು?”

“ಇನ್ನೇನೂ ಅನ್ನಲಿಲ್ಲ. ನಾನೇನಾದ್ರೂ ಬೇಡ ಅಂತಿದ್ನಾ? ನಿನಗೆ ಒಬ್ಬ ಅತ್ತೆ ಇದ್ರೆ ನಾನು ಹೊಟ್ಟೆ ಉರ್ಕೊಳ್ತಿದ್ನಾ?”

ಒರೆಸಿದೆ. ಆರಲು ಬಿಟ್ಟೆ. ಲವಂಗ ಚುಚ್ಚಿ ಬಳಿದೆ. ಪಾಕ ನಿಂತಿತು. ಒಂದು ತೊಟ್ಟೂ ಜಾರಲಿಲ್ಲ. ಇವಳ ಅಪ್ಪ ಎರಡು ಸಲ ಹಾಕಿಸಿಕೊಂಡರು, ಇವಳ ಅಮ್ಮ ರೆಸಿಪಿ ಕೇಳಿದರು. ಇವಳೇ ಉತ್ತರ ಕೊಟ್ಟಳು: “ಇವರ ಅತ್ತೆದು.” ಇವಳಮ್ಮ ಕಕ್ಕಾಬಿಕ್ಕಿ.

ಅವರು ಹೋದ ಮೇಲೆ ಡಬ್ಬಿಗೆ ದಪ್ಪ ಹೋಳು ಹಾಕಿ ಕೊಟ್ಟಳು.

“ನೀನೂ ಬರ್ತೀಯಾ?” ಅಂದೆ.

“ಒಬ್ಬನೇ ಇದ್ದೀನಿ ಅಂತ ತಾನೇ ಅವರಿಗೆ ಹೇಳಿದ್ದು? ಈಗ ಒಬ್ಬನೇ ಹೋಗು.”

ಅತ್ತೆಯದು ಮೂರನೇ ಮಹಡಿ, ಲಿಫ್ಟ್ ಇಲ್ಲದ ಬಿಲ್ಡಿಂಗ್. ಬಾಗಿಲು ತೆಗೆದೇ ಇತ್ತು. ಟೇಬಲ್ ಮೇಲೆ ಇಸ್ಪೀಟ್ ಹರಡಿಕೊಂಡು ಒಬ್ಬರೇ ಆಡುತ್ತಿದ್ದರು. ಆ ಹೊಸ ಸ್ವೆಟರ್ ಹಾಕಿಕೊಂಡಿದ್ದರು. ಅದನ್ನು ನೋಡಿಯೇ ನನಗೆ ಅಳು ಬಂತು.

“ಅಲ್ಲಿಡು” ಅಂದರು, ತಲೆ ಎತ್ತದೆ.

“ಅತ್ತೆ, ನಾನು...”

“ಆರು ಕಿಲೋ ಅಂದಾಗಲೇ ಗೊತ್ತಾಯ್ತು ಕಣೋ. ಎರಡು ಹೋಳು ತಿಂದ್ರೆ ಸಾಕು ಅನ್ನೋನು ನೀನು. ಯಾರೋ ಇದ್ದಾರೆ ಅಂದ್ಕೊಂಡೆ. ಖುಷೀನೇ ಆಯ್ತು, ನಂಬಿದ್ರೆ ನಂಬು, ಬಿಟ್ರೆ ಬಿಡು. ನೀನೇ ಹೇಳ್ಲಿ ಅಂತ ಕಾದೆ. ಒಂದೊಂದೇ ಹೇಳಿಕೊಟ್ಟಿದ್ದು ಯಾಕೆ? ಇನ್ನೊಂದು ಸಲ ಫೋನ್ ಮಾಡ್ತಾನೆ, ಆಗ ಹೇಳ್ತಾನೆ ಅಂತ. ಟ್ರಿಪ್ ಬಿಟ್ಟೆ ಅಂದ್ರೆ ಆಗ್ಲಾದ್ರೂ ಬಾಯಿ ಬಿಡ್ತಾನೆ ಅಂತ. ಆ ಸೀಟು ಹೋಗಿದ್ದು ಸುಳ್ಳಲ್ಲಪ್ಪ. ನಾನು ನಿನ್ನ ಹಾಗಲ್ಲ.”

ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಹೆದರಿದೆ ಅಂದೆ. ಅದೂ ಪೂರ್ತಿ ನಿಜವಲ್ಲ. ಹೇಳಿದರೆ ನೀವು ನನ್ನ ಅತ್ತೆ ಅಲ್ಲದೆ ಹೋಗುತ್ತೀರಿ ಅಂತ ಹೆದರಿದ್ದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಅಲ್ಲಿ ನಾಲಿಗೆ ಹೊರಳಲಿಲ್ಲ.

“ಹೋಗು. ಆ ಹುಡುಗಿ ಕಾಯ್ತಿರ್ತಾಳೆ. ಹೇಳಿಕೊಡೋದೆಲ್ಲ ಮುಗೀತು, ಇನ್ನು ಫೋನ್ ಮಾಡೋ ಕೆಲಸ ಇಲ್ಲ ನಿನಗೆ.”

ಡಬ್ಬಿ ಮುಟ್ಟಲಿಲ್ಲ ಅವರು. ನಾನಿರುವಷ್ಟು ಹೊತ್ತು ಮುಟ್ಟಲಿಲ್ಲ.

ಡಿಸೆಂಬರ್ 29, ಬೆಳಿಗ್ಗೆ ಹತ್ತು

ಮನೆಯಲ್ಲಿ ಮಾತು ಕಡಿಮೆ. ಕಾಫಿ ಕೊಟ್ಟಳು, ಮುಖ ನೋಡಲಿಲ್ಲ. ಉಳಿದ ಮಾಂಸ ಬಿಡಿಸಿ ಫ್ರಿಜ್ಜಿಗಿಟ್ಟೆ. ಆ ದೊಡ್ಡ ಮೂಳೆ ಕಣ್ಣೆದುರು ಇರುವುದೇ ಬೇಡ ಅನ್ನಿಸಿತು. ಫಾಯಿಲ್ ಸುತ್ತಿ, ಕವರಿಗೆ ಹಾಕಿ, ಕೆಳಗಿನ ಕಸದ ಡಬ್ಬಕ್ಕೆ ಹಾಕಿ ಬಂದೆ.

ಈಗ ತಾನೇ ಫೋನ್. ಸ್ಕ್ರೀನಿನ ಮೇಲೆ ‘ಅತ್ತೆ’ ಅಂತ ಇತ್ತು. ನಾನು ಬದಲಾಯಿಸಿರಲಿಲ್ಲ. ಇವಳ ಕೆಲಸ.

“ಲವಂಗ ಜಾಸ್ತಿಯಾಗಿದೆ” ಅಂದರು. ತಿಂದಿದ್ದಾರೆ! “ಮೂಳೆ ಏನು ಮಾಡ್ದೆ?”

ಇದೆ ಅತ್ತೆ, ಫ್ರಿಜ್ಜಲ್ಲಿದೆ — ನಾಲಿಗೆ ತುದಿಗೆ ಬಂದುಬಿಟ್ಟಿತ್ತು. ಎಷ್ಟು ಸಲೀಸಾಗಿ ಬರುತ್ತದೆ, ದೇವರೇ.

“ಎಸೆದುಬಿಟ್ಟೆ ಅತ್ತೆ. ಈಗಷ್ಟೇ. ಕೆಳಗಿನ ಡಬ್ಬಕ್ಕೆ.”

ಆ ಕಡೆಯಿಂದ ಮೂಗು ಸೀಟಿದ ಸದ್ದು.

“ಕತ್ತೆ. ಮೂಳೆ ಸೂಪಿಗೆ ಕಣೋ. ರುಚಿಯೆಲ್ಲ ಅದರಲ್ಲೇ ಇರೋದು. ಸುತ್ತಿ ಹಾಕಿದ್ದೀಯ ತಾನೇ? ಹೋಗಿ ಎತ್ಕೊಂಡು ಬಾ. ನಾನು ಹನ್ನೊಂದರ ಬಸ್ಸಿಗೆ ಬರ್ತಿದ್ದೀನಿ. ದೊಡ್ಡ ಪಾತ್ರೆ ತೊಳೆದಿಡೋಕೆ ಹೇಳು ಅವಳಿಗೆ. ಈ ಸಲ ನಿನಗೆ ಹೇಳಿಕೊಡಲ್ಲ, ಅವಳಿಗೇ ಹೇಳಿಕೊಡ್ತೀನಿ.”

ಇವಳಿಗೆ ಹೇಳಿದೆ. ಪಾತ್ರೆ ಆಗಲೇ ಸಿಂಕಿನಲ್ಲಿ ಸದ್ದು ಮಾಡುತ್ತಿದೆ. ಕಸದ ಗಾಡಿ ಬರುವುದು ಹನ್ನೊಂದಕ್ಕೆ, ಟೈಮಿದೆ, ಎರಡು ಸಾಲು ಬರೆದು ಇಳಿಯೋಣ ಅಂತ ಕೂತೆ. ಅತ್ತೆ ಬಂದಾಗ ನಿನ್ನೆ ಹೇಳದ ಆ ಒಂದು ಮಾತನ್ನು ಹೇಳಿಬಿಡಬೇಕು, ಬಾಗಿಲಲ್ಲೇ, ಅವರು ಚಪ್ಪಲಿ ಬಿಡುವ ಮೊದಲೇ —

ಹಾರ್ನ್. ಕಸದ ಗಾಡಿ. ಇಷ್ಟು ಬೇಗ! ಅಯ್ಯೋ, ಮೂಳೆ —